ಬೆನ್ನ ಹಿಂದಿನ ಕೂಗು

ನನ್ನ ಸೊಸೆ ಉಮಾಮಹೇಶ್ವರಿ ಸತ್ತವರ ಹೆಂಡಂದಿರ ದನಿಯನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ತರುತ್ತಿದ್ದಳು. ಬೇರೆಯವರ ಸೊಸೆಯಂದಿರು ಪಾಂಡಿ ಬಜಾರಿಗೆ ಹೋಗಿ ರವಿಕೆ ಬಟ್ಟೆ ತರುತ್ತಿದ್ದರು. ನನ್ನವಳು ಕಾಸಿಮೇಡಿಗೆ ಹೋಗಿ, ಮೀನು ಹರಾಜು ಹಾಕುವ ಕಟ್ಟೆಯ ಹಿಂದಿನ ಗುಡಿಸಲುಗಳಲ್ಲಿ ಕುಳಿತು, ಸಮುದ್ರಕ್ಕೆ ಹೋಗಿ ಮರಳಿ ಬಾರದವರ ಹೆಂಡಂದಿರನ್ನು ಮಾತಾಡಿಸಿ, ಆ ಮಾತನ್ನೆಲ್ಲ ಟೇಪ್ ರೆಕಾರ್ಡರಿನಲ್ಲಿ ತುಂಬಿಕೊಂಡು ಬರುತ್ತಿದ್ದಳು. ನಮ್ಮದು ರಾಣೆಬೆನ್ನೂರಿನ ಕಡೆಯಿಂದ ವ್ಯಾಪಾರಕ್ಕೆಂದು ಈ ತಮಿಳು ಊರಿಗೆ ಬಂದು ನೆಲೆಸಿದ ಲಿಂಗಾಯತರ ಮನೆ. ಅವಳು ಬಾಗಿಲಿಗೆ ಬಂದರೆ ಸಾಕು, ಮೀನಿನ ನಾತ ನಡುಮನೆಯನ್ನು ದಾಟಿ ದೇವರ ಜಗಲಿಗೆ ಬಡಿಯುತ್ತಿತ್ತು. "ಮೊದಲ ಸೀರಿ ಬಿಚ್ಚಿ ಬಕೀಟಿನ್ಯಾಗ ಹಾಕು, ಆಮ್ಯಾಲ ನಿನ್ನ ರೀಸರ್ಚು" ಎಂದು ನಾನು ಒಳಗಿನಿಂದಲೇ ಒದರುತ್ತಿದ್ದೆ.

ಅವಳು ಯೂನಿವರ್ಸಿಟಿಯಲ್ಲಿ ಡಾಕ್ಟರೇಟ್ ಮಾಡುತ್ತಿದ್ದಳು. ಎಪ್ಪತ್ತೇಳರಲ್ಲಿ ಆಂಧ್ರದ ಕರಾವಳಿಗೆ ಚಂಡಮಾರುತ ಬಡಿದು ಊರಿಗೆ ಊರೇ ಕೊಚ್ಚಿಹೋದ ಮೇಲೆ ಅವಳ ತಲೆಯಲ್ಲಿ ಈ ಹುಳ ಹೊಕ್ಕಿತ್ತು. ಗಾಳಿ ಬರುತ್ತದೆ ಎಂದು ರೇಡಿಯೋದಲ್ಲಿ ಹೇಳಿರುತ್ತಾರೆ, ಬಂದರಿನ ಕಂಬಕ್ಕೆ ಗುರುತು ಏರಿಸಿರುತ್ತಾರೆ, ಆದರೂ ಜನ ಯಾಕೆ ಕೇಳುವುದಿಲ್ಲ? ಇದು ಅವಳ ವಿಷಯ. ನನ್ನ ಮಗ ಮಹಾಲಿಂಗಪ್ಪ ಇದನ್ನು ನನಗೆ ಬಿಡಿಸಿ ಹೇಳಿದಾಗ ನನಗೆ ನಗು ಬಂತು.

"ಜನ ಯಾಕ ಕೇಳಂಗಿಲ್ಲ ಅಂತ ತಿಳ್ಕೊಳ್ಳಾಕ ಡಾಕ್ಟರ್ ಆಗಬೇಕೇನೋ? ಈ ಮನ್ಯಾಗ ನನ್ನ ಮಾತ ಯಾರ ಕೇಳ್ತೀರಿ ಹೇಳು" ಎಂದೆ.

"ಅದನ್ನೂ ಬರಕೋತೀನಿ ಅತ್ತಿ" ಎಂದಳು ಉಮಾ. ಅವಳೇನು ಕಡಿಮೆಯವಳಲ್ಲ.

ನಗು ಬಂತು ಅಂದೆ. ಆದರೆ ಆ ಟೇಪು ಓಡತೊಡಗಿದರೆ ನನ್ನ ನಗು ಇಂಗಿಹೋಗುತ್ತಿತ್ತು. ಊಟದ ಮೇಜಿನ ಮೇಲೆ ಅದನ್ನಿಟ್ಟುಕೊಂಡು ಅವಳು ಒಂದೊಂದೇ ಮಾತು ಕೇಳಿ ಬರೆದುಕೊಳ್ಳುವಳು. ಒಂದು ಮಾತು ಸರಿಯಾಗಿ ಕೇಳಿಸದಿದ್ದರೆ ಹಿಂದಕ್ಕೆ ಓಡಿಸಿ ಮತ್ತೆ ಹಾಕುವಳು, ಮತ್ತೆ ಹಿಂದಕ್ಕೆ, ಮತ್ತೆ. ಒಬ್ಬ ಹೆಂಗಸು ಒಂದೇ ಅಳುವನ್ನು ಹತ್ತು ಸಲ ಅಳುತ್ತಿದ್ದಳು. ನಾನು ಅಡಿಗೆಮನೆಯಲ್ಲಿ ರೊಟ್ಟಿ ತಟ್ಟುತ್ತಾ ಕುಳಿತಿರುತ್ತಿದ್ದೆ, ಆ ಅಳು ಬಂದಾಗಲೆಲ್ಲ ಕೈ ನಿಲ್ಲುತ್ತಿತ್ತು.

ಪ್ರತಿಯೊಬ್ಬಳನ್ನೂ ಉಮಾ ಕೊನೆಗೆ ಒಂದೇ ಪ್ರಶ್ನೆ ಕೇಳುತ್ತಿದ್ದಳು. ಅವತ್ತು ಆಕಾಶ ಸರಿಯಿಲ್ಲ ಎಂದು ನಿನಗೆ ಅನ್ನಿಸಿತ್ತೇ? ಹೌದು ಎಂದರೆ, ಗಂಡ ಹೊರಟಾಗ ಯಾಕೆ ಕೂಗಿ ಹೇಳಲಿಲ್ಲ? ಟೇಪಿನಲ್ಲಿ ಸ್ವಲ್ಪ ಹೊತ್ತು ಕಾಗೆಗಳ ಸದ್ದು, ಅಲೆಗಳ ಸದ್ದು. ಆಮೇಲೆ ಆ ಹೆಂಗಸು ತಮಿಳಿನಲ್ಲಿ ಹೇಳುತ್ತಿದ್ದಳು: "ಪೋರವಂಗಳ ಪಿನ್ನಾಡಿಯಿರುಂದು ಕೂಪ್ಪಿಡಕ್ಕೂಡಾದಮ್ಮಾ." ಹೊರಟವರನ್ನು ಹಿಂದಿನಿಂದ ಕರೆಯಬಾರದಮ್ಮಾ. ಇನ್ನೊಬ್ಬಳು ಬೇರೆ ಮಾತಿನಲ್ಲಿ ಅದನ್ನೇ ಹೇಳುತ್ತಿದ್ದಳು. ಮತ್ತೊಬ್ಬಳು ಬಾಯಿ ತೆರೆದೆ, ದನಿ ಬರಲಿಲ್ಲ ಎನ್ನುತ್ತಿದ್ದಳು.

"ನೋಡ್ರಿ ಅತ್ತಿ, ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ನಿಂತಾರ. ಇದೊಂದು ಮೂಢನಂಬಿಕಿ ಎಷ್ಟು ಜನರನ್ನ ತಿಂದೈತಿ!" ಎಂದು ಉಮಾ ಒಮ್ಮೆ ಪೆನ್ನು ಕೆಳಗಿಟ್ಟು ಹೇಳಿದಳು.

ನನಗೆ ಕೆಂಡದಂಥ ಸಿಟ್ಟು ಬಂತು. "ಅವರು ಮಾಡಿದ್ದು ಬರೋಬ್ಬರಿ ಐತಿ. ಹೊಂಟವರನ್ನ ಕರೀಬಾರದು. ಸಾಲಿ ಕಲ್ತೀನಂತ ಎಲ್ಲಾದಕ್ಕೂ ನಾಲಿಗಿ ಉದ್ದ ಮಾಡಬ್ಯಾಡ" ಎಂದೆ.

ಅವಳು ತಲೆ ತಗ್ಗಿಸಿದಳು. ಅವಳಿಗೂ ಈ ಮನೆಯ ಕಥೆ ಗೊತ್ತಿತ್ತು.

ನನ್ನ ಗಂಡ ರೇವಣಸಿದ್ದಪ್ಪನವರು ಕೊತ್ತವಾಲ್ ಚಾವಡಿಯ ಮಾರುಕಟ್ಟೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದರು. ಒಂದು ದಿನ ಸರಕು ನೋಡಲು ಬ್ಯಾಡಗಿಗೆ ಹೊರಟರು. ಗೇಟು ದಾಟಿ ಹತ್ತು ಹೆಜ್ಜೆ ಹೋಗಿದ್ದರೋ ಇಲ್ಲವೋ, ನಮ್ಮ ಅತ್ತೆ ಬಾಗಿಲಿಗೆ ಬಂದು, "ರೇವಣಾ, ಕೊಡಿ ಬಿಟ್ಟು ಹೊಂಟಿ ನೋಡೋ!" ಎಂದು ಕೂಗಿದರು. ಹಾಗೆ ಕರೆಸಿಕೊಂಡವರು ಒಳಗೆ ಬಂದು, ಕುಳಿತು, ನೀರು ಕುಡಿದು ಮತ್ತೆ ಹೊರಡಬೇಕು. ಅವರು ನಗುತ್ತಾ ಬಂದು ಕೊಡೆ ಇಸಿದುಕೊಂಡು ನಿಂತ ಕಾಲಲ್ಲೇ ಹೋದರು. ಅರಕ್ಕೋಣಂ ಸ್ಟೇಷನ್ನಿನಲ್ಲಿ ಎದೆನೋವು ಬಂದು ಕುಸಿದವರು ಮತ್ತೆ ಏಳಲಿಲ್ಲ. ಅವರ ಜೊತೆಗೆ ಆ ಕೊಡೆಯೂ ಮನೆಗೆ ಬಂತು. ನಮ್ಮ ಅತ್ತೆ ಬದುಕಿದ್ದಷ್ಟು ಕಾಲ ಮತ್ತೆ ದನಿ ಎತ್ತಿ ಯಾರನ್ನೂ ಕರೆಯಲಿಲ್ಲ. ಕೈಸನ್ನೆಯಲ್ಲೇ ನೀರು, ಕೈಸನ್ನೆಯಲ್ಲೇ ಅನ್ನ. ಶಿವಶರಣರು ಶಕುನ ಅಪಶಕುನ ಎಲ್ಲ ಸುಳ್ಳು ಎಂದಿದ್ದಾರೆ, ನನಗೂ ಗೊತ್ತು. ದಿನಾ ವಿಭೂತಿ ಹಚ್ಚಿ ಲಿಂಗಪೂಜೆ ಮಾಡುವವಳು ನಾನು. ಆದರೆ ಆ ಮುದುಕಿಯ ಮುಚ್ಚಿದ ಬಾಯಿಯನ್ನು ಅಷ್ಟು ವರ್ಷ ಎದುರಿಗೆ ನೋಡಿದವಳೂ ನಾನೇ.

ಹೀಗಾಗಿ ಮನೆಯಲ್ಲಿ ಇದು ಕಲ್ಲಿನ ಗೆರೆ. ಹೊರಟವರನ್ನು ಕರೆಯಕೂಡದು. ಎಲ್ಲಿಗೆ ಎಂದು ಕೇಳಕೂಡದು. ಹೊರಟವನು ಹಿಂದಕ್ಕೆ ತಿರುಗಿ ನೋಡಕೂಡದು. ಮಹಾಲಿಂಗನಿಗೆ ಇದು ಹಾಲಿನ ಜೊತೆಗೇ ಇಳಿದಿತ್ತು. ಮದುವೆಯಾದ ಹೊಸದರಲ್ಲಿ ಉಮಾ ಒಮ್ಮೆ, "ರೀ, ಟಿಫಿನ್ ಡಬ್ಬಿ!" ಎಂದು ಗೇಟಿನಿಂದ ಕೂಗಲು ಬಾಯಿ ತೆರೆದಿದ್ದಳು. ನಾನು ರಟ್ಟೆ ಹಿಡಿದು ಒಳಗೆ ಎಳೆದುಕೊಂಡೆ. "ನನ್ನ ಮಗನ್ನ ನುಂಗಾಕ ಬಂದೀ ಏನು?" ಎಂದೆ. ಹೊಸ ಹುಡುಗಿ, ಹೆದರಿ ನಡುಗಿಬಿಟ್ಟಳು. ಅಂದಿನಿಂದ ಅವನು ಏನೇ ಮರೆತು ಹೋದರೂ ಅವಳು ತುಟಿ ಪಿಟಕ್ಕೆನ್ನುತ್ತಿರಲಿಲ್ಲ.

ಎಂಬತ್ತನಾಲ್ಕರ ಕಾರ್ತೀಕ ಸೋಮವಾರ. ಬೆಸೆಂಟ್ ನಗರದಲ್ಲಿ, ಸಮುದ್ರಕ್ಕೆ ಹತ್ತಿರ, ಈ ಮಾಳಿಗೆಯ ಮನೆಯಲ್ಲೇ ಆಗಲೂ ಇದ್ದೆವು. ಮಹಾಲಿಂಗ ವಿಮೆ ಕಂಪನಿಯಲ್ಲಿ ಸರ್ವೇಯರು. ದೋಣಿಗೋ ಹಡಗಿಗೋ ಪೆಟ್ಟಾದರೆ ಹೋಗಿ ಕಣ್ಣಾರೆ ನೋಡಿ ವರದಿ ಬರೆಯುವ ಕೆಲಸ. ಬೆಳಿಗ್ಗೆಯೇ ಭೋಜರಾಜ ಬಂದು ಕುಳಿತಿದ್ದ. ಅವನು ಮಂಗಳೂರಿನ ಕಡೆಯವನು, ಪೆರಂಬೂರಿನಲ್ಲಿ ಹೋಟೆಲು. ಹೋಟೆಲು ಚೆನ್ನಾಗಿ ನಡೆಯಿತೆಂದು ಯಾರೋ ತಲೆ ತಿರುಗಿಸಿ ಕಾಸಿಮೇಡಿನಲ್ಲಿ ಎರಡು ಮೋಟಾರು ದೋಣಿ ಕೊಡಿಸಿದ್ದರು. ಇಡ್ಲಿ ಗೊತ್ತಿತ್ತೇ ಹೊರತು ಸಮುದ್ರ ಗೊತ್ತಿರಲಿಲ್ಲ. ಅವನ ಒಂದು ದೋಣಿ ಬಂದರಿನ ಕಲ್ಲುಕಟ್ಟೆಯ ಆಚೆ ಬಂಡೆಗೆ ತಗಲಿ ನಿಂತಿತ್ತು. ಗಾಳಿ ಬಂದು ಪೂರ್ತಿ ಒಡೆದುಹೋಗುವ ಮೊದಲು ಮಹಾಲಿಂಗ ಇನ್ನೊಂದು ದೋಣಿಯಲ್ಲಿ ಹೋಗಿ ಅದನ್ನು ನೋಡಿಬಿಡಬೇಕು ಎಂದು ಅವನ ಒತ್ತಾಯ.

ಆಕಾಶ ಹಳದಿಗೆ ತಿರುಗಿತ್ತು. ಗಾಳಿ ಎನ್ನುವುದೇ ಇರಲಿಲ್ಲ. ಕಾಗೆ ಸಹ ಕೂಗುತ್ತಿರಲಿಲ್ಲ.

"ರೇಡಿಯೋದಾಗ ಮೀನುಗಾರರು ಸಮುದ್ರಕ್ಕ ಹೋಗಬಾರದು ಅಂದ್ರಲ್ಲೋ" ಎಂದೆ.

"ಎಂತ ಅಮ್ಮಾ, ರೇಡಿಯೋದವ್ರು ಈ ತಿಂಗಳಿಡೀ ಅದನ್ನೇ ಹೇಳ್ತಾರೆ" ಎಂದ ಭೋಜರಾಜ, ಕಾಫಿ ಲೋಟ ಕೆಳಗಿಡುತ್ತಾ. "ನಾನು ಬರುವಾಗ ನೋಡಿದೆ, ಹಾರ್ಬರಿನಿಂದ ದೊಡ್ಡ ದೊಡ್ಡ ಹಡಗುಗಳೇ ಹೊರಟು ಹೋಗ್ತಾ ಉಂಟು. ಸಮುದ್ರ ಸರಿ ಇಲ್ಲದಿದ್ರೆ ಅವ್ರು ಹೊರಗೆ ಹೋಗ್ತಾರಾ ಹೇಳಿ?"

ಅವನ ಮಾತು ನನಗೂ ಸರಿ ಎನ್ನಿಸಿತು. ಅಷ್ಟು ದೊಡ್ಡ ಹಡಗಿನ ಕಪ್ತಾನರಿಗೆ ಗೊತ್ತಿಲ್ಲದ್ದು ನನಗೆ ಗೊತ್ತೇ? ಉಮಾ ಒಳಕೋಣೆಯಲ್ಲಿ ಟೇಪು ಹಾಕಿಕೊಂಡು ಬರೆಯುತ್ತಿದ್ದಳು. ಆ ಸದ್ದಿನಲ್ಲಿ ಹಡಗಿನ ಮಾತು ಅವಳ ಕಿವಿಗೆ ಬೀಳಲಿಲ್ಲ.

"ಅವ್ವಾ, ಹೋಗಿ ಬರ್ತೀನಿ" ಎಂದ ಮಹಾಲಿಂಗ. ಹೆಂಡತಿಗೂ ಬಾಗಿಲಲ್ಲಿ ಇಣುಕಿ ಹೇಳಿದ. ಅವನ ರೇನ್‌ಕೋಟು ಗೂಟದಲ್ಲೇ ನೇತಾಡುತ್ತಿತ್ತು. ಅವನು ಹೊಸ್ತಿಲು ದಾಟಿದ ಮೇಲೆ ನಾನು ಅದನ್ನು ನೋಡಿದೆ. ನೋಡಿಯೂ ಬಾಯಿ ಬಿಗಿಹಿಡಿದು ನಿಂತೆ. ನೆನೆದರೆ ನೆನೆಯಲಿ, ನೆಗಡಿಗೆ ಕಷಾಯ ಉಂಟು.

ನಮ್ಮ ಬೀದಿಯಲ್ಲಿ ಒಳಚರಂಡಿಗೆಂದು ಉದ್ದಕ್ಕೂ ಅಗೆದು ಬಿಟ್ಟಿದ್ದರು. ಭೋಜರಾಜನ ಕಾರು ಬೀದಿಯ ಆ ತುದಿಯಲ್ಲಿ ನಿಂತಿತ್ತು. ಇಬ್ಬರೂ ಮಣ್ಣುಗುಡ್ಡೆ ತಪ್ಪಿಸಿಕೊಂಡು ನಿಧಾನಕ್ಕೆ ನಡೆದು ಹೊರಟರು. ಮಳೆ ಬರುವ ಮೊದಲು ಒಣಗಲು ಹಾಕಿದ ಬಟ್ಟೆ ತೆಗೆಯೋಣವೆಂದು ನಾನು ಮಾಳಿಗೆ ಹತ್ತಿದೆ. ಉಮಾ ಕೂಡ ಟೇಪು ನಿಲ್ಲಿಸಿ ನನ್ನ ಹಿಂದೆಯೇ ಬಂದಳು.

ಮಾಳಿಗೆಯಿಂದ ಸಮುದ್ರ ಕಾಣುತ್ತದೆ. ನೀರು ಬೂದಿ ಬಳಿದ ಹಾಗಿತ್ತು. ದೂರದಲ್ಲಿ, ಬಂದರಿನ ಕಡೆಯಿಂದ, ಹಡಗುಗಳು ಒಂದರ ಹಿಂದೆ ಒಂದು ಹೊರಟು ಹೋಗುತ್ತಿದ್ದವು. ಅಷ್ಟೊಂದು ಹಡಗು ಒಟ್ಟಿಗೆ ಹೋಗುವುದನ್ನು ನಾನು ನೋಡಿದ್ದೇ ಇಲ್ಲ.

"ನೋಡ ಉಮಾ, ಎಷ್ಟ ಚಂದ ಹೊಂಟಾವ. ಭೋಜರಾಜ ಹೇಳಿದ್ದು ಖರೇನ. ಹಡಗ ಹೊಂಟಾವ ಅಂದ್ರ ಸಮುದ್ರ ಶಾಂತ ಐತಿ ಅಂತ, ಅದಕ್ಕ ನಾವೂ ದೋಣ್ಯಾಗ ಹೋಗೂಣು ಅಂತ ಇವನ್ನ ಕರಕೊಂಡು ಹೋದ" ಎಂದೆ.

ಅವಳ ಕೈಯಲ್ಲಿದ್ದ ಬಟ್ಟೆ ಕೆಳಗೆ ಬಿತ್ತು. ಮುಖ ಸುಣ್ಣದ ಹಾಗೆ ಬೆಳ್ಳಗಾಯಿತು.

"ದೋಣ್ಯಾಗ? ಅವ್ರು ಬರೇ ದಂಡಿಗೆ ನಿಂತು ನೋಡಾಕ ಹೊಂಟಾರ ಅಂದ್ಕೊಂಡಿದ್ದೆ" ಎಂದಳು. "ಅತ್ತಿ, ಆ ಹಡಗ ತಾವಾಗಿ ಹೊಂಟಿಲ್ಲ. ಅವನ್ನ ಹೊರಗ ಹಾಕ್ಯಾರ. ದೊಡ್ಡ ಗಾಳಿ ಬಂದ್ರ ಬಂದರಿನ್ಯಾಗ ಕಟ್ಟಿದ ಹಡಗ ಗ್ವಾಡಿಗೆ ಬಡದು ಒಡೀತಾವ. ಅದಕ್ಕ ಮೊದಲ ಆಳಕ್ಕ ಕಳಿಸಿಬಿಡ್ತಾರ. ಗಾಳಿ ಇವತ್ತ ಇಲ್ಲಿಗೇ ಬರಾಕತ್ತೈತಿ."

ಇಬ್ಬರೂ ಬೀದಿಯ ಕಡೆಯ ಗೋಡೆಗೆ ಓಡಿದೆವು. ಮಹಾಲಿಂಗ ಕಾರಿನ ಹತ್ತಿರ ಹೋಗುತ್ತಿದ್ದ. ಇಳಿದು ಓಡಿದರೆ ಸಿಕ್ಕುವವನಲ್ಲ. ಕೂಗಿದರೆ ಕೇಳಿಸುತ್ತದೆ. ಉಮಾ ಗೋಡೆಯ ಮೇಲೆ ಎರಡೂ ಕೈ ಊರಿ, ಬಾಗಿ, ಬಾಯಿ ತೆರೆದಳು.

ದನಿ ಬರಲಿಲ್ಲ.

ಬಾಯಿ ತೆರೆದೇ ಇತ್ತು, ಗಂಟಲ ನರ ಉಬ್ಬಿ ನಿಂತಿತ್ತು, ಆದರೆ ದನಿಯಿಲ್ಲ. ಅವಳು ನನ್ನ ಕಡೆ ತಿರುಗಿ ನೋಡಿದಳು. ಮಾರಿಯನ್ನು ಕಂಡವಳ ಹಾಗೆ ನನ್ನನ್ನು ನೋಡಿದಳು. ಕಾಸಿಮೇಡಿನ ಹೆಂಗಸರನ್ನು ಇಷ್ಟು ವರ್ಷ ಯಾಕೆ ಕೂಗಲಿಲ್ಲ ಎಂದು ಕೇಳಿ ಕೇಳಿ ಬರೆದುಕೊಂಡವಳು, ತನ್ನ ಗಂಡ ಕಣ್ಣೆದುರಿಗೆ ಹೋಗುತ್ತಿದ್ದಾಗ ಅವರಂತೆಯೇ ನಿಂತಿದ್ದಳು. ಅವಳ ಗಂಟಲಲ್ಲಿ ಕುಳಿತಿದ್ದು ನನ್ನ ಕೈ.

"ಮಾಲಿಂಗಾ!"

ಅದು ನನ್ನ ದನಿಯೆಂದು ನನಗೇ ತಿಳಿಯಲಿಲ್ಲ. "ಏ ಮಾಲಿಂಗಾ! ಹೋಗಬ್ಯಾಡೋ! ನಿಲ್ಲೋ ನನ್ನಪ್ಪಾ, ಹೋಗಬ್ಯಾಡೋ!"

ಎದುರುಮನೆಯ ಕಿಟಕಿಗಳು ತೆರೆದವು. ಮೂಲೆಯ ಇಸ್ತ್ರಿಯವನು ಇಸ್ತ್ರಿ ಎತ್ತಿಹಿಡಿದು ನೋಡಿದ. ಮಹಾಲಿಂಗನಿಗೆ ಕೇಳಿಸಿತು. ಖಂಡಿತ ಕೇಳಿಸಿತು, ಅವನ ಹೆಗಲು ಕುಗ್ಗಿದ್ದನ್ನು, ಹೆಜ್ಜೆ ನಿಂತದ್ದನ್ನು ನಾನು ಕಣ್ಣಾರೆ ಕಂಡೆ.

ಆದರೆ ಅವನು ತಿರುಗಲಿಲ್ಲ. ಹೊರಟವನು ಹಿಂದಕ್ಕೆ ತಿರುಗಿ ನೋಡಬಾರದೆಂದು ಕಲಿಸಿದವಳು ನಾನೇ ಅಲ್ಲವೇ? ಒಂದು ಗಳಿಗೆ ಹಾಗೇ ಬೆನ್ನು ಕೊಟ್ಟು ನಿಂತ, ಆಮೇಲೆ ಕಾರು ಹತ್ತಿದ. ಕಾರು ಹೋಯಿತು.

ನಾನು ಬಟ್ಟೆಯ ರಾಶಿಯ ಮೇಲೆ ಕುಸಿದೆ. ಉಮಾ ಕೆಳಗಿಳಿದು ಓಡಿದಳು. ಪಕ್ಕದ ಮನೆಯವರ ಫೋನಿನಿಂದ ಮಹಾಲಿಂಗನ ಆಫೀಸಿಗೆ ಮಾಡಿದಳು, ಬಂದರಿಗೆ ಮಾಡಿದಳು. ಒಂದು ಕಡೆ ಎತ್ತಲಿಲ್ಲ, ಇನ್ನೊಂದು ಕಡೆ ಎತ್ತಿದವರು ನಿಮ್ಮವರು ಯಾವ ದೋಣಿ ಎಂದು ಕೇಳಿ, ಕಾಯಿರಿ ಎಂದು ಹೇಳಿ, ಹೋಗಿಯೇ ಬಿಟ್ಟರು. ಆಟೋ ಹುಡುಕಿಕೊಂಡು ಅಡ್ಯಾರಿನವರೆಗೆ ನಡೆದಳು. ಕಾಸಿಮೇಡು ಎಂದರೆ ಯಾರೂ ಬರಲೊಪ್ಪಲಿಲ್ಲ. ಅವಳು ಮರಳಿ ಬರುವಷ್ಟರಲ್ಲಿ ಗಾಳಿ ಶುರುವಾಯಿತು.

ಶಿವನೇ, ಅದೆಂಥ ಗಾಳಿ! ಮೊದಲು ತೆಂಗಿನ ಗರಿಗಳೆಲ್ಲ ಒಂದೇ ಕಡೆಗೆ ಬಾಚಿಕೊಂಡವು. ಆಮೇಲೆ ಮಳೆ ಅಡ್ಡಕ್ಕೆ ಬಡಿಯತೊಡಗಿತು. ಎದುರುಮನೆಯ ತಗಡು ಎದ್ದು ಬೀದಿಯಲ್ಲಿ ಉರುಳಿಕೊಂಡು ಹೋಯಿತು. ಕರೆಂಟು ಹೋಯಿತು. ಪಕ್ಕದ ಮನೆಯ ಫೋನೂ ಸತ್ತಿತು. ಹಗಲೇ ಕತ್ತಲಾಗಿ, ಬಾಗಿಲಿಗೆ ಯಾರೋ ಭುಜ ಕೊಟ್ಟು ತಳ್ಳುವ ಹಾಗೆ ಆಗುತ್ತಿತ್ತು. ನಾವಿಬ್ಬರೂ ಧಾನ್ಯದ ಡಬ್ಬಿಗಳನ್ನು ಎಳೆದು ತಂದು ಬಾಗಿಲಿಗೆ ಒತ್ತುಕೊಟ್ಟು ನಡುಮನೆಯಲ್ಲಿ ಕುಳಿತೆವು. ಸಮುದ್ರದ ಸದ್ದು ಮನೆಯ ಹಿತ್ತಲಲ್ಲೇ ಇದ್ದಂತೆ ಕೇಳುತ್ತಿತ್ತು.

ನಿಮಗೆ ಒಂದು ಮಾತು ಹೇಳಬೇಕು. ನನಗೆ ಆ ಗಾಳಿಗಿಂತ ಹೆಚ್ಚು ಹೆದರಿಕೆ ತಂದದ್ದು ನನ್ನ ಕೂಗು. ಕೂಗಿ ಆಗಿತ್ತು, ಅವನು ಒಳಗೆ ಬಂದು ನೀರು ಕುಡಿದು ಹೋಗಿರಲಿಲ್ಲ. ಅವನಪ್ಪನಿಗೆ ಆದದ್ದೂ ಹೀಗೇ. ದೋಣಿ ಮುಳುಗಿದರೆ ಅದು ಗಾಳಿಯಿಂದಲೋ ನನ್ನ ಬಾಯಿಯಿಂದಲೋ? ಯಾರನ್ನು ಕೇಳಲಿ? ಕೂಗದಿದ್ದರೆ ಅವನು ತಪ್ಪಿಸಿಕೊಂಡು ಬರುತ್ತಿದ್ದನೇನೋ, ಕೂಗಿ ನಾನೇ ತಳ್ಳಿದೆನೇನೋ. ನಮ್ಮ ಅತ್ತೆಯ ಮುಚ್ಚಿದ ಬಾಯಿ ಕಣ್ಣ ಮುಂದೆ ಬಂದು ನಿಲ್ಲುತ್ತಿತ್ತು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಪಂಚಾಕ್ಷರಿ ಜಪ ಮಾಡಲು ಕುಳಿತರೆ ಮಂತ್ರ ಬರಲೊಲ್ಲದು, ಮಾಲಿಂಗಾ ಮಾಲಿಂಗಾ ಎಂದೇ ಬರುತ್ತಿತ್ತು.

"ಅತ್ತಿ" ಎಂದಳು ಉಮಾ, ಕತ್ತಲಲ್ಲಿ. "ನಾ ಕೂಗಲಿಲ್ಲ."

"ಬಿಡು ಈಗ ಅದನ್ನ."

"ನನಗ ಗೊತ್ತಿತ್ತು. ನಿಮಗೂ ನಾನ ಹೇಳಿದೆ. ಆದ್ರೂ ಕೂಗಲಿಲ್ಲ. ಆ ಹೆಂಗಸರ ಮುಂದ ಕುಂತು ಎಂಥಾ ಸೊಕ್ಕಿಲೆ ಕೇಳ್ತಿದ್ದೆ, ಯಾಕ ಕೂಗಲಿಲ್ಲ ಅಂತ..." ಅವಳು ಬಿಕ್ಕಿಬಿಕ್ಕಿ ಅತ್ತಳು.

"ನೀ ಕೂಗಿದ್ದರ ನಾ ನಿನ್ನ ಸಿಗದು ಹಾಕ್ತಿದ್ದೆ" ಎಂದೆ. ಅದು ಖರೆ ಮಾತು. ಅವಳನ್ನು ಹತ್ತಿರಕ್ಕೆ ಎಳೆದುಕೊಂಡೆ. ಈ ಮನೆಗೆ ಅವಳು ಬಂದಮೇಲೆ ನಾನು ಹಾಗೆ ಎಳೆದುಕೊಂಡದ್ದು ಅದೇ ಮೊದಲು. ಗಾಳಿ ಕಡಿಮೆಯಾಗುವವರೆಗೂ ಅವಳ ತಲೆ ನನ್ನ ತೊಡೆಯ ಮೇಲೇ ಇತ್ತು. ಅವಳಿಗೆ ಸಮಾಧಾನ ಹೇಳುತ್ತಿದ್ದೇನೆ ಎಂದುಕೊಂಡಿದ್ದೆ, ಕೊನೆಗೆ ನೋಡಿದರೆ ಅವಳು ನನ್ನ ಕಣ್ಣು ಒರೆಸುತ್ತಿದ್ದಳು.

ಸಂಜೆ ದೀಪ ಹಚ್ಚುವ ಹೊತ್ತಿಗೆ ಗಾಳಿ ಸ್ವಲ್ಪ ತಗ್ಗಿತು. ಕಾರ್ತೀಕದ ದೀಪ, ಹೊಸ್ತಿಲ ಮೇಲೆ ಇಡಲೇಬೇಕು. ಉಮಾ ಹಚ್ಚಿದ್ದು ಆರಿತು. ಮತ್ತೆ ಹಚ್ಚಿದಳು, ಮತ್ತೆ ಆರಿತು. ಪ್ರತಿ ಸಲ ಆರಿದಾಗಲೂ ನನ್ನ ಜೀವ ಬಾಯಿಗೆ ಬರುತ್ತಿತ್ತು. "ಸಾಕು, ಹಚ್ಚಬ್ಯಾಡ!" ಎಂದು ನಾನು ರೇಗುವುದಕ್ಕೂ ಬೀದಿಯ ಕೆಸರಿನಲ್ಲಿ ಪಚಪಚ ಹೆಜ್ಜೆ ಕೇಳುವುದಕ್ಕೂ ಸರಿಹೋಯಿತು.

ಮಹಾಲಿಂಗ. ತಲೆಯಿಂದ ಕಾಲಿನವರೆಗೆ ಕೆಸರು, ಒಂದು ಕಾಲಿನ ಚಪ್ಪಲಿಯಿಲ್ಲ, ಹಾರಿಬಂದ ತಗಡು ತಗಲಿ ಹಣೆಯ ಮೇಲೆ ಗಾಯ. ಮರಗಳು ಬಿದ್ದು ರಸ್ತೆ ಕಟ್ಟಿದ್ದರಿಂದ ಕಾಸಿಮೇಡಿನಿಂದ ಬಹುಪಾಲು ನಡೆದೇ ಬಂದಿದ್ದ. ಉಮಾ ಹೋಗಿ ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ನಿಂತುಬಿಟ್ಟಳು, ಅತ್ತೆ ನೋಡುತ್ತಿದ್ದಾಳೆಂಬ ನಾಚಿಕೆಯೂ ಇಲ್ಲದೆ. ನಾನು ಮಾತ್ರ ಬಾಗಿಲಲ್ಲಿ ಅವನನ್ನು ತಡೆದು, "ಮೊದಲ ಕುಂದರು. ನೀರ ಕುಡಿ" ಎಂದೆ. ಅವನು ಹೊಸ್ತಿಲ ಮೇಲೇ ಕುಳಿತು ಗಟಗಟನೆ ಕುಡಿದ. ಬೆಳಿಗ್ಗೆ ಕುಡಿಯಬೇಕಾಗಿದ್ದ ನೀರು ಅದು.

ಆಮೇಲೆ ಅವನು ಹೇಳಿದ್ದು ಹೀಗೆ.

ಕಾರಿನಲ್ಲಿ ಅವನಿಗೆ ಮೈಯೆಲ್ಲ ಮುಳ್ಳೆದ್ದಿತ್ತಂತೆ. ಹುಟ್ಟಿದಾಗಿನಿಂದ ಒಂದು ದಿನವೂ ಬೆನ್ನ ಹಿಂದೆ ಕರೆಯದ ಅವ್ವ ಬೀದಿಗೆಲ್ಲ ಕೇಳುವ ಹಾಗೆ ಕರೆದಳಲ್ಲ, ಏನಾಗಿದೆ? ಭೋಜರಾಜ, "ಮುದುಕರಿಗೆ ಹೆದರಿಕೆ ಜಾಸ್ತಿ ಮಾರಾಯ್ರೇ" ಎಂದು ನಗುತ್ತಲೇ ಕಾರು ಓಡಿಸಿದನಂತೆ. ಕಾಸಿಮೇಡಿನಲ್ಲಿ ದೋಣಿ ಸಿದ್ಧವಾಗಿತ್ತು. ದೋಣಿಯ ಮೀನುಗಾರರೆಲ್ಲ ಇಷ್ಟವಿಲ್ಲದ ಮುಖದಲ್ಲೇ ಒಳಗೆ ಕುಳಿತಿದ್ದರು. ಯಜಮಾನ ಹೇಳಿದ ಮೇಲೆ ಇಲ್ಲವೆನ್ನಲಾರರು. ಬಂದರಿನ ಕಂಬದ ಮೇಲಿನ ಗುರುತನ್ನು ತೋರಿಸಿ ಅವರಲ್ಲಿ ಹಿರಿಯನೊಬ್ಬ ಏನೋ ಹೇಳಿದಾಗ ಭೋಜರಾಜ ಹೊರಟುಹೋದ ಹಡಗುಗಳನ್ನು ತೋರಿಸಿ ಅವನ ಬಾಯಿ ಮುಚ್ಚಿಸಿದ. ಮಹಾಲಿಂಗ ದೋಣಿಗೆ ಕಾಲಿಡುವ ಬದಲು ದಂಡೆಯಲ್ಲೇ ನಿಂತ.

"ಯಾಕೆ?" ಎಂದು ಭೋಜರಾಜ ಕೇಳಿದ.

"ನಮ್ಮವ್ವ ಹಿಂದಿಂದ ಕರದಾಳ. ಅಮ್ಮಾ ಪಿನ್ನಾಡಿ ಕೂಪ್ಪಿಟ್ಟಾಂಗ" ಎಂದ ಮಹಾಲಿಂಗ, ದೋಣಿಯವರಿಗೂ ತಿಳಿಯಲೆಂದು ತಮಿಳಿನಲ್ಲೂ.

ಅಷ್ಟೇ ಸಾಕಾಯಿತು. ದೋಣಿಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿದರು. ಹಿರಿಯವನು ಮೊದಲು ಇಳಿದ. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ತಾಯಿ ಹಿಂದಿನಿಂದ ಕರೆದವನನ್ನು ಹತ್ತಿಸಿಕೊಂಡು ಯಾವ ದೋಣಿಯೂ ಹೊರಡುವುದಿಲ್ಲ, ಇವತ್ತು ಈ ದೋಣಿಯೇ ಹೊರಡುವುದಿಲ್ಲ ಎಂದರು. ಭೋಜರಾಜ ಬೈದ, ಗೋಗರೆದ, ದೋಣಿಯ ಹಗ್ಗ ತಾನೇ ಬಿಚ್ಚಲು ಹೋದ. ಒಬ್ಬನೂ ಕದಲಲಿಲ್ಲ. ಅವರ ಜಗಳ ಮುಗಿಯುವ ಮೊದಲೇ ನೀರು ಎದ್ದಿತು. ಬಂಡೆಗೆ ತಗಲಿದ್ದ ಆ ದೋಣಿ ಅವರ ಕಣ್ಣೆದುರಿಗೇ ಎರಡು ಸಲ ಎದ್ದು ಬಿದ್ದು ಚೂರಾಯಿತು. ಭೋಜರಾಜ ಮರಳ ಮೇಲೆ ಕುಳಿತು ಹುಡುಗನ ಹಾಗೆ ಅತ್ತನಂತೆ. ಅವನ ಹೆಂಡತಿ ಜಲಜಾ ಆಮೇಲೆ ಬಂದು ನನ್ನ ಕಾಲು ಹಿಡಿದಳು. ನನಗೆ ಇರಿಸುಮುರಿಸಾಯಿತು.

"ರೇಡಿಯೋ ಹೇಳಿದ್ದು ಕೇಳಲಿಲ್ಲ, ಬಂದರಿನ ಗುರುತು ಕೇಳಲಿಲ್ಲ. ನಿಮ್ಮ ಕೂಗೊಂದನ್ನ ಕೇಳಿದ್ರಲ್ಲ ಅತ್ತಿ" ಎಂದಳು ಉಮಾ. ಕೆಲವು ವಾರಗಳ ನಂತರದ ಮಾತು ಇದು. ಅವಳು ನನ್ನೆದುರಿಗೆ ಟೇಪ್ ರೆಕಾರ್ಡರ್ ಇಟ್ಟು ಕುಳಿತಿದ್ದಳು. ತನ್ನ ಮಾತನ್ನು ಆಗಲೇ ಅದರಲ್ಲಿ ಹಾಕಿದ್ದಳು. ಕಾಸಿಮೇಡಿನ ಹೆಂಗಸರ ಸಾಲಿನ ಕೊನೆಗೆ, ಬೆಸೆಂಟ್ ನಗರದ ಒಬ್ಬ ಸರ್ವೇಯರನ ಹೆಂಡತಿ, ಓದಿದವಳು, ಅಪಾಯ ಗೊತ್ತಿದ್ದೂ ಕೂಗಲಿಲ್ಲ ಎಂದು. ಈಗ ನನ್ನ ಸರದಿ.

"ನೀವು ಯಾಕ ಕೂಗಿದ್ರಿ?"

"ಅಂಜಿಕಿ ಬಂತು, ಕೂಗಿದೆ. ಇದನ್ನೂ ಕೇಳಬೇಕೇನು?"

"ಹಂಗಾದ್ರ ಇನ್ನ ಮುಂದ ಈ ಮನ್ಯಾಗ ಹೊಂಟವರನ್ನ ಕರೀಬಹುದೇನು?"

ಟೇಪು ಸುಮ್ಮನೆ ಸುತ್ತುತ್ತಿತ್ತು. ರೇನ್‌ಕೋಟು ಮರೆತದ್ದಕ್ಕೆ, ಡಬ್ಬಿ ಮರೆತದ್ದಕ್ಕೆ, ಮೋಡ ಕಂಡದ್ದಕ್ಕೆ ನಾನು ದಿನಾ ಕೂಗಿದ್ದರೆ ಅವತ್ತು ಅವನು ದಂಡೆಯಲ್ಲಿ ನಿಲ್ಲುತ್ತಿದ್ದನೇ? ನಮ್ಮವ್ವ ದಿನಾ ಹಿಂಗ ಎಂದು ನಕ್ಕು ದೋಣಿ ಹತ್ತುತ್ತಿದ್ದ. ಬದುಕಿಡೀ ಬಿಗಿಹಿಡಿದ ಬಾಯಿ ಒಂದು ಸಲ ತೆರೆಯಿತೆಂದೇ ಅವನು ನಿಂತ. ಈಗ ಆ ಒಂದು ಸಲವೂ ಖರ್ಚಾಗಿತ್ತು.

"ಬ್ಯಾಡ. ಕರೀಬ್ಯಾಡ್ರಿ" ಎಂದೆ.

ಉಮಾ ನನ್ನನ್ನು ದಿಟ್ಟಿಸಿ ನೋಡಿದಳು. ಜಗಳವಾಡುತ್ತಾಳೆ ಎಂದುಕೊಂಡೆ. ಆಡಲಿಲ್ಲ. ಕೈ ಚಾಚಿ ಟೇಪು ನಿಲ್ಲಿಸಿದಳು.

ಮಹಾಲಿಂಗ ಈಗಲೂ ಕಾಸಿಮೇಡಿಗೆ ಹೋಗುತ್ತಾನೆ. ಕೆಲಸ, ಬಿಡಲಾದೀತೇ? ಅವನು ಗೇಟು ದಾಟಿದ ಕೂಡಲೇ ನಾನು ಮಾಳಿಗೆ ಹತ್ತುತ್ತೇನೆ. ಸಮುದ್ರ ಕನ್ನಡಿಯ ಹಾಗೆ ಇದ್ದರೂ ಸರಿ, ಅವನ ಬೆನ್ನು ಕಂಡರೆ ನನ್ನ ಗಂಟಲಿಗೆ ಆ ಹೆಸರು ಬಂದು ಕೂರುತ್ತದೆ. ಹೋಗಬ್ಯಾಡೋ ಎಂದು ಕೂಗಿಬಿಡೋಣ ಎನ್ನಿಸುತ್ತದೆ. ಸೆರಗು ಬಾಯಿಗೆ ತುರುಕಿಕೊಂಡು ನಿಲ್ಲುತ್ತೇನೆ. ಆ ಕೂಗು ಬೇಕಾದ ದಿನಕ್ಕೆ ಇರಲಿ.

ಬೀದಿಯ ತುದಿಯಲ್ಲಿ ಅವನು ನಿಲ್ಲುತ್ತಾನೆ. ಹಿಂದಕ್ಕೆ ತಿರುಗಬಾರದೆಂದು ನನ್ನಿಂದಲೇ ಕಲಿತ ಮಗ ಈಗ ದಿನಾ ತಿರುಗುತ್ತಾನೆ. ಮಾಳಿಗೆಯತ್ತ ತಲೆ ಎತ್ತಿ, ಅವ್ವನ ಬಾಯಿ ಮುಚ್ಚಿದೆಯೇ ಎಂದು ನೋಡುತ್ತಾನೆ. ನೋಡಿಕೊಂಡು ಹೋಗುತ್ತಾನೆ.